ಎಪ್ಪತ್ತು ವರ್ಷದ ಮೌನಕ್ಕೆ ಬೆಲೆ ಎಷ್ಟು?

2022ರ ಸೆಪ್ಟೆಂಬರ್ 6ರಂದು ತೆಗೆದ ಒಂದು ಫೋಟೋ ಇದೆ. ಸ್ಕಾಟ್‌ಲೆಂಡಿನ ಬಾಲ್ಮೋರಲ್ ಅರಮನೆಯ ಪಡಸಾಲೆ. ಹಿಂದೆ ಬೆಂಕಿಗೂಡಿನಲ್ಲಿ ಉರಿ. ಬೂದು ಬಣ್ಣದ ಸ್ವೆಟರ್, ಚೌಕಳಿ ಲಂಗ ತೊಟ್ಟ 96 ವರ್ಷದ ಹೆಂಗಸು. ಒಂದು ಕೈಯಲ್ಲಿ ಊರುಗೋಲು. ಇನ್ನೊಂದು ಕೈ ಚಾಚಿ ಲಿಜ್ ಟ್ರಸ್ ಅವರ ಕೈ ಕುಲುಕುತ್ತಿದ್ದಾರೆ. ಮುಖದಲ್ಲಿ ನಗು ಇದೆ. ಆದರೆ ಚಾಚಿದ ಕೈಯ ಮೇಲ್ಭಾಗ ಕಪ್ಪುನೀಲಿಗಟ್ಟಿದೆ.

ಆ ದಿನ ಫೋಟೋ ನೋಡಿದವರ ಕಣ್ಣು ಮೊದಲು ಹೋದದ್ದು ಆ ಕೈ ಮೇಲೆ. ಎರಡೇ ದಿನಕ್ಕೆ, ಸೆಪ್ಟೆಂಬರ್ 8ರಂದು, ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡರು. ಅಂದರೆ ಸಾಯುವುದಕ್ಕೆ ಎರಡು ದಿನ ಮುಂಚೆಯೂ ಆಕೆ ಡ್ಯೂಟಿ ಮೇಲಿದ್ದರು. ಒಬ್ಬ ಪ್ರಧಾನಿಯ ರಾಜೀನಾಮೆ ತೆಗೆದುಕೊಂಡು ಇನ್ನೊಬ್ಬರಿಗೆ ಸರ್ಕಾರ ರಚಿಸಿ ಎಂದು ಹೇಳುವ ಡ್ಯೂಟಿ. ಈ ಶಾಸ್ತ್ರ ನಡೆಯಬೇಕಾದದ್ದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ. ಆಕೆಗೆ ಓಡಾಟ ಕಷ್ಟವಾಗಿತ್ತು. ಹಾಗಾಗಿ ಹೋಗುವ ಬೋರಿಸ್ ಜಾನ್ಸನ್, ಬರುವ ಟ್ರಸ್ ಇಬ್ಬರೂ ವಿಮಾನ ಹತ್ತಿ ಅಲ್ಲಿಗೇ ಹೋದರು.

ಟ್ರಸ್ ಆಕೆಯ ಕಾಲದ 15ನೇ ಪ್ರಧಾನಿ. ಮೊದಲನೆಯವರು ವಿನ್‌ಸ್ಟನ್ ಚರ್ಚಿಲ್. ಚರ್ಚಿಲ್ ಹುಟ್ಟಿದ್ದು 1874ರಲ್ಲಿ, ಟ್ರಸ್ ಹುಟ್ಟಿದ್ದು 1975ರಲ್ಲಿ. ಎದುರು ಕುರ್ಚಿಯಲ್ಲಿ ಕೂರುವವರು ಬದಲಾಗುತ್ತಲೇ ಹೋದರು. ಈ ಕಡೆ ಕೂತವರು 70 ವರ್ಷ ಒಬ್ಬರೇ.

2026ರ ಏಪ್ರಿಲ್ 21ಕ್ಕೆ ಆಕೆ ಹುಟ್ಟಿ ನೂರು ವರ್ಷ. ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಸ್ಮಾರಕದ ಯೋಜನೆ ಸಿದ್ಧವಾಗಿದೆ. ಸ್ಮಾರಕದ ಜೊತೆಗೆ ಹಳೆಯ ಲೆಕ್ಕಗಳೂ ಎದ್ದು ಕೂತಿವೆ. ಮಗ ಆ್ಯಂಡ್ರೂ ಹಗರಣ, ಅರಮನೆಗೆ ಹೋಗುವ ದುಡ್ಡು, ವಸಾಹತುಗಳ ಜನರಿಗೆ ಕೇಳದೇ ಬಿಟ್ಟ ಕ್ಷಮೆ. ಬ್ರಿಟನ್ನಿನ ಪತ್ರಿಕೆಗಳು ಇವನ್ನು ಬೇರೆ ಬೇರೆ ಸುದ್ದಿಯ ಹಾಗೆ ಬರೆಯುತ್ತವೆ. ನನಗೆ ಹಾಗನಿಸುವುದಿಲ್ಲ. ಎಲ್ಲದರ ಬುಡದಲ್ಲೂ ಇರುವುದು ಒಂದೇ, ಆಕೆಯ ಮೌನ. ಬಾಯಿ ಬಿಡದೇ ಇರುವುದೇ ಆಕೆಯ ಕೆಲಸದ ಮುಖ್ಯ ಭಾಗವಾಗಿತ್ತು. ಅದನ್ನು ಆಕೆಯಷ್ಟು ಚೆನ್ನಾಗಿ ಮಾಡಿದವರು ಇನ್ನೊಬ್ಬರಿಲ್ಲ. ಅದೇ ಮೌನದ ಮರೆಯಲ್ಲಿ ಇನ್ನೂ ಎಷ್ಟೋ ಸಂಗತಿಗಳು ಬೆಚ್ಚಗೆ ಉಳಿದುಕೊಂಡವು.

ಆಳುವ ಅಧಿಕಾರ ಇರಲಿಲ್ಲ, ಸರಿ. ಹಾಗಾದರೆ ಬೆಳಗ್ಗೆ ಎದ್ದು ಮಾಡುತ್ತಿದ್ದದ್ದು ಏನು?

ಮೊದಲನೆಯದು ಕೆಂಪು ಪೆಟ್ಟಿಗೆ. ತೊಗಲು ಹೊದಿಸಿ ಬೀಗ ಹಾಕಿದ ಪೆಟ್ಟಿಗೆ. ಒಳಗೆ ಸಂಪುಟದ ಕಾಗದಪತ್ರ, ರಾಯಭಾರಿಗಳು ಕಳಿಸಿದ ವರದಿ, ಸಹಿ ಬೇಕಾದ ನೇಮಕಾತಿ ಪತ್ರಗಳು. ರಜೆಗೆ ಹೋದರೂ ಪೆಟ್ಟಿಗೆ ಹಿಂದೆಯೇ ಬರುತ್ತಿತ್ತು. ಕ್ರಿಸ್‌ಮಸ್‌ನಂಥ ದಿನ ಬಿಟ್ಟರೆ ಬಿಡುವಿಲ್ಲ. ಸಂಸತ್ತು ನಡೆಯುವಾಗ ಸದನದಲ್ಲಿ ಆವತ್ತು ಏನಾಯಿತು ಅಂತ ಆಡಳಿತ ಪಕ್ಷದ ಒಬ್ಬ ವಿಪ್ ದಿನವೂ ಬರೆದು ಕಳಿಸಬೇಕು. ಆ ಹುದ್ದೆಯಲ್ಲಿರುವವರಿಗೆ ಇನ್ನೊಂದು ತಮಾಷೆಯ ಕೆಲಸವೂ ಇದೆ. ಅಧಿವೇಶನ ಉದ್ಘಾಟನೆಗೆ ರಾಣಿ ಸಂಸತ್ತಿಗೆ ಹೋದಾಗ ಅವರನ್ನು ಅರಮನೆಯಲ್ಲಿ ಒತ್ತೆಯಾಳಾಗಿ ಇಟ್ಟುಕೊಳ್ಳುತ್ತಾರೆ! ರಾಣಿ ಕ್ಷೇಮವಾಗಿ ವಾಪಸ್ ಬಂದ ಮೇಲೆ ಬಿಡುಗಡೆ. 1649ರಲ್ಲಿ ಸಂಸತ್ತಿನವರು ಮೊದಲನೇ ಚಾರ್ಲ್ಸ್ ರಾಜನ ತಲೆ ತೆಗೆಸಿದ್ದರಲ್ಲ, ಆ ಕಾಲದ ಅಪನಂಬಿಕೆ ಇವತ್ತಿಗೂ ಆಟದ ರೂಪದಲ್ಲಿ ಉಳಿದಿದೆ.

ಎರಡನೆಯದು ವಾರಕ್ಕೊಮ್ಮೆ ಪ್ರಧಾನಿಯ ಭೇಟಿ. ಕೋಣೆಯಲ್ಲಿ ಮೂರನೆಯವರು ಇರುವುದಿಲ್ಲ. ಯಾರೂ ಟಿಪ್ಪಣಿ ಬರೆದುಕೊಳ್ಳುವುದಿಲ್ಲ. 19ನೇ ಶತಮಾನದ ಪತ್ರಕರ್ತ ವಾಲ್ಟರ್ ಬ್ಯಾಜಟ್ ಹೇಳಿದ ಪ್ರಕಾರ ರಾಣಿಗೆ ಇರುವುದು ಮೂರೇ ಹಕ್ಕು: ಸರ್ಕಾರ ತನ್ನನ್ನು ಕೇಳಬೇಕು, ತಾನು ಹುರಿದುಂಬಿಸಬಹುದು, ತಾನು ಎಚ್ಚರಿಸಬಹುದು. ಬೇಡ ಅನ್ನುವ ಹಕ್ಕು ಆ ಪಟ್ಟಿಯಲ್ಲಿಲ್ಲ. ಮನೆಯ ಹಿರಿಯಜ್ಜಿಯ ಹತ್ತಿರ ಹೋಗಿ 'ಹೀಗೆ ಮಾಡಬೇಕು ಅಂತಿದೀವಿ' ಅಂತ ಒಂದು ಮಾತು ಹೇಳಿ ಬರುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಅಜ್ಜಿ 'ನೋಡ್ಕೊಂಡು ಮಾಡ್ರಪ್ಪ' ಅನ್ನಬಹುದು. ಅಜ್ಜಿ ಏನಂದಳು ಅಂತ ಹೊರಗೆ ಯಾರೂ ಹೇಳುವಂತಿಲ್ಲ.

ಮೂರನೆಯದು ಸಹಿ. ಸಂಸತ್ತು ಪಾಸು ಮಾಡಿದ ಮಸೂದೆ ಕಾಯ್ದೆಯಾಗಲು ರಾಣಿಯ ಒಪ್ಪಿಗೆ ಬೇಕು. ಈ ಒಪ್ಪಿಗೆಯನ್ನು ಕೊನೆಯ ಸಲ ನಿರಾಕರಿಸಿದ್ದು 1708ರಲ್ಲಿ, ಆ್ಯನ್ ರಾಣಿ. ರಾಜ್ಯಪಾಲರು ತಿಂಗಳುಗಟ್ಟಲೆ ಮಸೂದೆ ಇಟ್ಟುಕೊಂಡು ಕೂರುವುದನ್ನು ಕಂಡ ನಮಗೆ ಇದು ವಿಚಿತ್ರ ಅನಿಸಬಹುದು. ಎಲಿಜಬೆತ್ ಕಾಲದಲ್ಲಿ ಈ ಒಪ್ಪಿಗೆ ಎಷ್ಟು ನಿರ್ಲಿಪ್ತವಾಗಿತ್ತು ನೋಡಿ. 1967ರಲ್ಲಿ ಉಕ್ಕಿನ ಕಾರ್ಖಾನೆಗಳನ್ನು ರಾಷ್ಟ್ರೀಕರಣ ಮಾಡುವ ಕಾಯ್ದೆಗೆ ಅಂಕಿತ. 1988ರಲ್ಲಿ ಅವನ್ನೇ ಖಾಸಗಿಗೆ ಮಾರುವ ಕಾಯ್ದೆಗೂ ಅಂಕಿತ. 1972ರಲ್ಲಿ ಯುರೋಪಿನ ಒಕ್ಕೂಟ ಸೇರುವುದಕ್ಕೆ ಅಂಕಿತ. 2020ರಲ್ಲಿ ಅದರಿಂದ ಹೊರಬರುವುದಕ್ಕೂ ಅಂಕಿತ. ಆಕೆಯ ಮನಸ್ಸಿನಲ್ಲಿ ಏನಿತ್ತು? ಗೊತ್ತಾಗಬಾರದು. ಅದೇ ನಿಯಮ.

ಅಧಿವೇಶನ ಉದ್ಘಾಟನೆಯ ಭಾಷಣವಂತೂ ಇದರ ಪರಾಕಾಷ್ಠೆ. ಭಾಷಣ ಬರೆಯುವುದು ಸರ್ಕಾರ, ಓದುವುದು ರಾಣಿ. 'ನನ್ನ ಸರ್ಕಾರ ಹೀಗೆ ಮಾಡಲಿದೆ, ಹಾಗೆ ಮಾಡಲಿದೆ' ಅಂತ. ನಮ್ಮ ವಿಧಾನಮಂಡಲದಲ್ಲಿ ರಾಜ್ಯಪಾಲರು 'ನನ್ನ ಸರ್ಕಾರ' ಅಂತ ಓದುತ್ತಾರಲ್ಲ, ಆ ಪದ್ಧತಿ ಬಂದದ್ದು ಅಲ್ಲಿಂದಲೇ. ರಾಣಿ ಅದನ್ನು ಏರಿಳಿತವಿಲ್ಲದ ದನಿಯಲ್ಲಿ ಓದುತ್ತಿದ್ದರು, ಯಾವ ಸಾಲಿಗೂ ಜಾಸ್ತಿ ಒತ್ತು ಬೀಳದ ಹಾಗೆ. ತಲೆ ಮೇಲೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುವ ಕಿರೀಟ. ಭಾಷಣ ಓದುವಾಗ ತಲೆ ಬಗ್ಗಿಸುವಂತಿಲ್ಲ, ಕಾಗದವನ್ನೇ ಮೇಲೆತ್ತಬೇಕು, ಇಲ್ಲದಿದ್ದರೆ ಕುತ್ತಿಗೆ ಮುರಿಯುತ್ತದೆ ಎಂದು 2018ರ ಒಂದು ಟಿವಿ ಕಾರ್ಯಕ್ರಮದಲ್ಲಿ ಆಕೆಯೇ ನಗುತ್ತಾ ಹೇಳಿದ್ದರು. ಕೊನೆಕೊನೆಗೆ ಕಿರೀಟವನ್ನು ಪಕ್ಕದಲ್ಲಿ ದಿಂಬಿನ ಮೇಲೆ ಇಟ್ಟು ಓದಿದರು.

ಉಳಿದದ್ದೆಲ್ಲ ದರ್ಶನ. ನಮ್ಮ ದೇವಸ್ಥಾನಗಳಲ್ಲಿ ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಪಲ್ಲಕ್ಕಿ ಏರಿ ಬೀದಿಗೆ ಬರುವುದು ಉತ್ಸವಮೂರ್ತಿ. ಬ್ರಿಟನ್ನಿನಲ್ಲಿ ಅಧಿಕಾರದ ಮೂಲವಿಗ್ರಹ ಪ್ರಧಾನಿ ಕಚೇರಿ ಇರುವ ಡೌನಿಂಗ್ ಸ್ಟ್ರೀಟಿನಲ್ಲಿದೆ. ಬೀದಿಗೆ ಬರುತ್ತಿದ್ದದ್ದು ರಾಣಿ. ಆಸ್ಪತ್ರೆ, ಸೇತುವೆ, ಶಾಲೆ ಉದ್ಘಾಟನೆ. ಪದಕ ಕೊಡುವುದು. ಒಂದೊಂದು ಸಲಕ್ಕೆ ಎಂಟು ಸಾವಿರ ಜನ ಸೇರುವ ತೋಟದ ಚಹಾಕೂಟ. 600ಕ್ಕೂ ಜಾಸ್ತಿ ಸಂಘಸಂಸ್ಥೆಗಳಿಗೆ ಪೋಷಕಿ. ಹಳದಿ, ಗಿಳಿಹಸಿರು, ಕಡುಗುಲಾಬಿ ಅಂತ ಕಣ್ಣಿಗೆ ಹೊಡೆಯುವ ಬಣ್ಣದ ಕೋಟು ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಹಿಂದಿನ ಸಾಲಿನಲ್ಲಿ ಕಾಲ್ತುದಿಯಲ್ಲಿ ನಿಂತವರಿಗೂ 'ಅಗೋ, ಅಲ್ಲಿ' ಅಂತ ಕಾಣಬೇಕು. ಕಂಡರೆ ತಾನೇ ಜನ ನಂಬುವುದು ಅಂತ ಆಕೆ ಹೇಳುತ್ತಿದ್ದರಂತೆ.

ಈ ಕೆಲಸಕ್ಕೆ ಆಕೆ ಹುಟ್ಟುವಾಗಲೇ ಗೊತ್ತಾದವರಲ್ಲ. ಅಪ್ಪ ಎರಡನೇ ಮಗ. ದೊಡ್ಡಪ್ಪ ಎಂಟನೇ ಎಡ್ವರ್ಡ್ ರಾಜ. ವಿಚ್ಛೇದಿತ ಅಮೆರಿಕನ್ ಹೆಂಗಸನ್ನು ಮದುವೆಯಾಗುತ್ತೇನೆಂದು ಹಟ ಹಿಡಿದು 1936ರ ಡಿಸೆಂಬರಿನಲ್ಲಿ ಆತ ಪಟ್ಟ ಬಿಟ್ಟ. ಆಗ ಎಲಿಜಬೆತ್‌ಗೆ ಹತ್ತು ವರ್ಷ. ರಾಜನಾದವನು ತನಗೆ ಅನಿಸಿದ್ದನ್ನು ಹೇಳಿ, ತನಗೆ ಬೇಕಾದ್ದನ್ನು ಮಾಡಿದರೆ ಏನಾಗುತ್ತದೆ ಅನ್ನುವುದನ್ನು ಆ ಹುಡುಗಿ ಮನೆಯೊಳಗೇ ನೋಡಿದಳು. ಆಕೆಯ ಮೌನದ ಮೊದಲ ಪಾಠ ಅಲ್ಲೇ ಆಗಿರಬೇಕು. 1947ರ ಏಪ್ರಿಲ್‌ನಲ್ಲಿ, 21ನೇ ಹುಟ್ಟುಹಬ್ಬದ ದಿನ, ಕೇಪ್‌ಟೌನಿನಿಂದ ರೇಡಿಯೋದಲ್ಲಿ ಮಾತಾಡಿ, ಆಯುಸ್ಸು ಎಷ್ಟೇ ಇರಲಿ, ಎಲ್ಲ ನಿಮ್ಮ ಸೇವೆಗೇ ಮೀಸಲು ಎಂದರು. ಮಾತು ಕೊಟ್ಟದ್ದು ಇಡೀ ಸಾಮ್ರಾಜ್ಯಕ್ಕೆ. ನಾಲ್ಕು ತಿಂಗಳು ಕಳೆಯುವುದರೊಳಗೆ ಆ ಸಾಮ್ರಾಜ್ಯದ ಅತಿ ದೊಡ್ಡ ತುಂಡು, ಅಂದರೆ ನಾವು, ಕಳಚಿಕೊಂಡೆವು.

ಅದೇ ವರ್ಷ ನವೆಂಬರ್ 20ರಂದು ಫಿಲಿಪ್ ಜೊತೆ ಮದುವೆ. ಯುದ್ಧ ಮುಗಿದರೂ ಬಟ್ಟೆಗೆ ರೇಷನ್ ಇತ್ತು. ಮದುವೆಯ ಉಡುಪಿಗೆ ಕೂಪನ್ ಲೆಕ್ಕ ಕೊಡಬೇಕಿತ್ತು. ಉಡುಗೊರೆಗಳಲ್ಲಿ ಎರಡು ನಮಗೆ ಸಂಬಂಧಪಟ್ಟವು. ಹೈದರಾಬಾದಿನ ನಿಜಾಮ ಕೊಟ್ಟದ್ದು ವಜ್ರದ ನೆಕ್ಲೆಸ್. ಆಗಿನ್ನೂ ಬೀದರ್, ಕಲಬುರಗಿ, ರಾಯಚೂರು ಅವನ ಕೈಕೆಳಗೇ ಇದ್ದವು. ನಮ್ಮ ರೈತರ ಕಂದಾಯವೂ ಆ ಹಾರದಲ್ಲಿ ಎಲ್ಲೋ ಮಿನುಗುತ್ತಿತ್ತು ಅನ್ನಬಹುದು. ಗಾಂಧೀಜಿ ಕಳಿಸಿದ್ದು ತಾವೇ ನೂತ ನೂಲಿನಿಂದ ಹೆಣೆಸಿದ ಒಂದು ವಸ್ತ್ರ. ನಡುವೆ 'ಜೈ ಹಿಂದ್' ಅಂತ ಹೆಣೆದಿತ್ತು. ಮದುಮಗಳ ಅಜ್ಜಿ ಮೇರಿ ರಾಣಿ ಅದನ್ನು ಗಾಂಧಿಯ ತುಂಡುಪಂಚೆ ಅಂದುಕೊಂಡು ಮುಖ ಸಿಂಡರಿಸಿದರಂತೆ.

1952ರ ಫೆಬ್ರವರಿ 6ರಂದು ಅಪ್ಪ ಆರನೇ ಜಾರ್ಜ್ ನಿದ್ದೆಯಲ್ಲೇ ತೀರಿಕೊಂಡರು. ಮಗಳು ಆಗ ಕೀನ್ಯಾದಲ್ಲಿದ್ದರು. 25 ವರ್ಷಕ್ಕೆ ರಾಣಿ. ಕೀನ್ಯಾದ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೌನ ಎಷ್ಟು ಬಲವಾದ ಆಯುಧ ಅನ್ನುವುದಕ್ಕೆ 2014ರ ಸ್ಕಾಟ್‌ಲೆಂಡ್ ಜನಮತಗಣನೆ ಒಳ್ಳೆಯ ಉದಾಹರಣೆ. ಬ್ರಿಟನ್ ಒಡೆಯುವುದೋ ಏನೋ ಅನ್ನುವ ಪರಿಸ್ಥಿತಿ. ಮತದಾನಕ್ಕೆ ನಾಲ್ಕು ದಿನ ಇರುವಾಗ, ಭಾನುವಾರದ ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಹೊರಬಂದ ರಾಣಿ ಅಲ್ಲಿ ನಿಂತಿದ್ದ ಜನರ ಹತ್ತಿರ ಒಂದೇ ಮಾತು ಹೇಳಿದರು. ಜನ ಭವಿಷ್ಯದ ಬಗ್ಗೆ ತುಂಬಾ ಎಚ್ಚರದಿಂದ ಯೋಚಿಸುತ್ತಾರೆ ಅಂದುಕೊಂಡಿದ್ದೇನೆ ಅಂತ. ಅಷ್ಟೇ. ಒಡೆಯಬೇಡಿ ಅನ್ನಲಿಲ್ಲ, ಒಡೆಯಿರಿ ಅನ್ನಲಿಲ್ಲ. ಮಾರನೇ ದಿನ ಎಲ್ಲ ಪತ್ರಿಕೆಯಲ್ಲೂ ಅದೇ. ಐದು ವರ್ಷ ಕಳೆದ ಮೇಲೆ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಬಾಯಿ ಬಿಟ್ಟರು. ಅರಮನೆಯಿಂದ ಸ್ವಲ್ಪ ಸಹಾಯ ಕೇಳಿದ್ದು ತಾವೇ, ಕಾಲು ಇಂಚು ಹುಬ್ಬು ಏರಿಸಿದರೂ ಸಾಕಿತ್ತು ಎಂದರು. ಜೀವನವಿಡೀ ಹುಬ್ಬು ಏರಿಸದವರು ಕಾಲು ಇಂಚು ಏರಿಸಿದರೂ ಅದು ಸುದ್ದಿ. ದಿನಾ ಭಾಷಣ ಮಾಡುವ ರಾಜಕಾರಣಿಗೆ ಈ ಸೌಲಭ್ಯ ಇಲ್ಲ, ಅಲ್ವಾ?

ಆದರೆ ಇಲ್ಲೇ ಒಂದು ಪ್ರಶ್ನೆ. ಚುನಾಯಿತರಲ್ಲದವರು ಮತದಾನಕ್ಕೆ ನಾಲ್ಕು ದಿನ ಇರುವಾಗ, ಪ್ರಧಾನಿ ಹೇಳಿದರು ಅಂತ ಹುಬ್ಬು ಏರಿಸಿದರೆ ಅದು ತಟಸ್ಥ ಹೇಗಾಯಿತು?

ಮೌನ ಕೈಕೊಟ್ಟ ಸಂದರ್ಭಗಳೂ ಇವೆ. 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಅಬರ್‌ಫಾನ್ ಊರಿನಲ್ಲಿ ಕಲ್ಲಿದ್ದಲ ಗಣಿಯ ತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು. ಅದರಲ್ಲಿ 116 ಮಕ್ಕಳು. ರಾಣಿ ಅಲ್ಲಿಗೆ ಹೋದದ್ದು ಎಂಟು ದಿನ ಕಳೆದ ಮೇಲೆ. ತಾನು ಹೋದರೆ ರಕ್ಷಣಾ ಕೆಲಸಕ್ಕೆ ಅಡ್ಡಿ ಅಂದುಕೊಂಡರಂತೆ. ಆ ತಡ ಕೊನೆಯವರೆಗೂ ಅವರನ್ನು ಕಾಡಿತು ಅಂತ ಹತ್ತಿರದವರು ಹೇಳಿದ್ದಾರೆ. 1997ರಲ್ಲಿ ಮಾಜಿ ಸೊಸೆ ಡಯಾನಾ ಸತ್ತಾಗಲೂ ಇದೇ. ಐದು ದಿನ ಸ್ಕಾಟ್‌ಲೆಂಡಿನಲ್ಲೇ ಉಳಿದರು. ಲಂಡನ್ನಿನಲ್ಲಿ ಜನ ಹೂವು ರಾಶಿ ಹಾಕುತ್ತಾ, ರಾಣಿ ಎಲ್ಲಿ ಅಂತ ಸಿಟ್ಟಿನಿಂದ ಕೇಳುತ್ತಿದ್ದರು. ಮೊಮ್ಮಕ್ಕಳ ಜೊತೆ ಇರುವುದು ಅಜ್ಜಿಯ ಕೆಲಸ. ಕ್ಯಾಮೆರಾ ಮುಂದೆ ಬರುವುದು ರಾಣಿಯ ಕೆಲಸ. ಆಕೆ ಅಜ್ಜಿಯಾಗಿ ಉಳಿದರು. ನನಗೆ ಇದರಲ್ಲಿ ದೊಡ್ಡ ತಪ್ಪು ಕಾಣಿಸುವುದಿಲ್ಲ.

2019ರದು ಬೇರೆ ಥರದ್ದು. ಯುರೋಪಿನ ಒಕ್ಕೂಟ ಬಿಡುವ ಬ್ರೆಕ್ಸಿಟ್ ಗಲಾಟೆಯ ನಡುವೆ ಸಂಸತ್ತನ್ನು ಐದು ವಾರ ಮುಚ್ಚಬೇಕು ಅಂತ ಬೋರಿಸ್ ಜಾನ್ಸನ್ ಸಲಹೆ ಕೊಟ್ಟರು. ಆಗಸ್ಟ್ 28ರಂದು ಬಾಲ್ಮೋರಲ್‌ನಲ್ಲಿ ರಾಣಿ ಒಪ್ಪಿದರು. ಪ್ರಧಾನಿಯ ಸಲಹೆ ಅಂದ ಮೇಲೆ ಒಪ್ಪಲೇಬೇಕು, ಪದ್ಧತಿ ಹೇಳುವುದು ಅದನ್ನೇ. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಒಮ್ಮತದಿಂದ ಆ ಸಲಹೆಯೇ ಕಾನೂನುಬಾಹಿರ ಎಂದರು. ರಾಣಿಯ ಹೆಸರಿನ ಆದೇಶ ಹಿಡಿದು ಸಂಸತ್ತಿಗೆ ಹೋದವರ ಕೈಯಲ್ಲಿದ್ದದ್ದು ಖಾಲಿ ಹಾಳೆಗೆ ಸಮ ಎಂದು ತೀರ್ಪು ಹೇಳಿತು. ಯೋಚಿಸಿ. ದೇಶದ ಅತಿ ದೊಡ್ಡ ಸಹಿ, ಖಾಲಿ ಹಾಳೆ. ಎಚ್ಚರಿಸುವ ಹಕ್ಕನ್ನು ಆಕೆ ಬಳಸಿದ್ದರೋ ಇಲ್ಲವೋ, ಹೊರಗಿನವರಿಗೆ ತಿಳಿಯುವ ದಾರಿ ಇಲ್ಲ. ಅಜ್ಜಿ ಏನಂದಳು ಅಂತ ಹೇಳುವಂತಿಲ್ಲವಲ್ಲ.

ಈಗ ಕೀನ್ಯಾ. ಎಲಿಜಬೆತ್ ರಾಣಿಯಾದದ್ದು ಆ ನೆಲದಲ್ಲಿದ್ದಾಗ, 1952ರ ಫೆಬ್ರವರಿಯಲ್ಲಿ. ಅದೇ ಅಕ್ಟೋಬರಿನಲ್ಲಿ ಅಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮೌ ಮೌ ಬಂಡಾಯ ಹತ್ತಿಕ್ಕುವ ಹೆಸರಿನಲ್ಲಿ ಸಾವಿರಾರು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದರು, ಹೊಡೆದರು, ಚಿತ್ರಹಿಂಸೆ ಕೊಟ್ಟರು. ಎಲ್ಲ ನಡೆದದ್ದು ರಾಣಿಯ ಹೆಸರಿನಲ್ಲಿ. 2013ರಲ್ಲಿ ಬ್ರಿಟಿಷ್ ಸರ್ಕಾರ ವಿಷಾದ ವ್ಯಕ್ತಪಡಿಸಿ 5,228 ಸಂತ್ರಸ್ತರಿಗೆ 1.99 ಕೋಟಿ ಪೌಂಡ್ ಕೊಡಲು ಒಪ್ಪಿತು. ಸಂಸತ್ತಿನಲ್ಲಿ ಆ ಮಾತು ಆಡಿದ್ದು ವಿದೇಶಾಂಗ ಸಚಿವರು. ರಾಣಿಯಲ್ಲ.

ಭಾರತದ ವಿಷಯದಲ್ಲೂ ಅಷ್ಟೇ. 1997ರ ಅಕ್ಟೋಬರಿನಲ್ಲಿ ಅಮೃತಸರದ ಜಲಿಯನ್‌ವಾಲಾ ಬಾಗ್‌ಗೆ ಹೋದರು. ಚಪ್ಪಲಿ ಬಿಟ್ಟು ನಿಂತರು, ಹೂಮಾಲೆ ಇಟ್ಟರು, ತಲೆ ಬಾಗಿಸಿದರು. ಹಿಂದಿನ ದಿನ ದಿಲ್ಲಿಯ ಭಾಷಣದಲ್ಲಿ ಆ ಘಟನೆಯನ್ನು ಮನಸ್ಸಿಗೆ ನೋವು ಕೊಡುವ ಉದಾಹರಣೆ ಎಂದಿದ್ದರು. ಕ್ಷಮೆ ಎಂಬ ಪದ ಬರಲಿಲ್ಲ. ಅದು ಆಕೆಯ ಕೈಯಲ್ಲಿರಲಿಲ್ಲ, ಮಂತ್ರಿಗಳು ಬರೆದುಕೊಟ್ಟದ್ದನ್ನು ಓದಬೇಕು ಎಂದು ಆಕೆಯ ಪರ ಇರುವವರು ಹೇಳುತ್ತಾರೆ. ನಿಜ. ಆದರೆ ಮಂತ್ರಿಗಳನ್ನು ಕೇಳಿದರೆ, ಇದು ಆಗಿನ ಕಾಲದ್ದು, ನಮ್ಮ ಸರ್ಕಾರ ಆಗ ಇರಲೇ ಇಲ್ಲ ಅನ್ನುತ್ತಾರೆ. ಸರ್ಕಾರ ಬದಲಾಗುತ್ತದೆ, ಕಿರೀಟ ಮಾತ್ರ ಮುಂದುವರಿಯುತ್ತದೆ ಅನ್ನುವುದೇ ಆ ವ್ಯವಸ್ಥೆಯ ಹೆಗ್ಗಳಿಕೆ. ಹಾಗಿದ್ದರೆ ಹಳೆಯ ಲೆಕ್ಕವೂ ಕಿರೀಟದ ಖಾತೆಯಲ್ಲೇ ತಾನೇ ಇರಬೇಕು?

ಮನಸ್ಸು ಮಾಡಿದರೆ ಆ ಮೌನವೇ ಎಷ್ಟು ಮಾತಾಡಬಲ್ಲದು ಅನ್ನುವುದನ್ನೂ ಆಕೆ ತೋರಿಸಿದರು. 2011ರ ಮೇನಲ್ಲಿ ಐರ್ಲೆಂಡ್ ಗಣರಾಜ್ಯಕ್ಕೆ ಹೋದರು. ಬ್ರಿಟಿಷ್ ದೊರೆಯೊಬ್ಬರು ಆ ನೆಲಕ್ಕೆ ಹೋಗಿ ನೂರು ವರ್ಷವಾಗಿತ್ತು. ಬ್ರಿಟಿಷರ ವಿರುದ್ಧ ಹೋರಾಡಿ ಸತ್ತವರ ಸ್ಮಾರಕದ ಮುಂದೆ ತಲೆ ಬಾಗಿದರು. ಡಬ್ಲಿನ್ನಿನ ಔತಣದಲ್ಲಿ ಭಾಷಣವನ್ನು ಐರಿಷ್ ಭಾಷೆಯಲ್ಲಿ ಶುರು ಮಾಡಿದರು. ನಾಲ್ಕೈದು ಪದ ಅಷ್ಟೇ. ಪಕ್ಕದಲ್ಲಿ ಕೂತಿದ್ದ ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಬೆರಗಿನಿಂದ ಅತ್ತಿತ್ತ ತಿರುಗಿ 'ವಾವ್' ಅಂದದ್ದು ವಿಡಿಯೋದಲ್ಲಿದೆ. ಮರುವರ್ಷ, ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿದಿದ್ದ ಐರಿಷ್ ಸಂಘಟನೆ ಐಆರ್‌ಎಯ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಗಿನ್ನಿಸ್ ಕೈ ಕುಲುಕಿದರು. ಅದೇ ಐಆರ್‌ಎ 1979ರಲ್ಲಿ ದೋಣಿಗೆ ಬಾಂಬಿಟ್ಟು ಆಕೆಯ ಗಂಡನ ಸೋದರಮಾವ ಮೌಂಟ್‌ಬ್ಯಾಟನ್ ಅವರನ್ನು ಕೊಂದಿತ್ತು. ಐರ್ಲೆಂಡಿನಲ್ಲಿ ಆದದ್ದು ಅಮೃತಸರದಲ್ಲಿ ಯಾಕೆ ಆಗಲಿಲ್ಲ ಅಂತ ನಾವು ಕೇಳಬಹುದು. ಐರ್ಲೆಂಡ್ ಪಕ್ಕದ ಮನೆ, ಅಲ್ಲಿನ ಶಾಂತಿ ಬ್ರಿಟನ್ನಿಗೆ ಬೇಕೇಬೇಕಿತ್ತು ಅನ್ನುವುದೇ ನನಗೆ ತೋಚುವ ಉತ್ತರ.

ನಮ್ಮಲ್ಲಿ ಕೆಲವರು ಈಗಲೂ ಆಕೆಯನ್ನು 'ಭಾರತವನ್ನೂ ಆಳಿದ ರಾಣಿ' ಅನ್ನುವುದುಂಟು. ಇಲ್ಲ. 1950ರ ಜನವರಿ 26ರವರೆಗೆ ನಮ್ಮ ರಾಜನಾಗಿ ಇದ್ದದ್ದು ಆಕೆಯ ಅಪ್ಪ. ಮಗಳು ಪಟ್ಟಕ್ಕೆ ಬರುವ ಹೊತ್ತಿಗೆ ನಾವು ಗಣರಾಜ್ಯ. ಪಾಕಿಸ್ತಾನಕ್ಕೆ ಮಾತ್ರ ಆಕೆ 1956ರವರೆಗೆ ರಾಣಿ, ಸಿಲೋನಿಗೆ 1972ರವರೆಗೆ. ಗಣರಾಜ್ಯವಾದ ಭಾರತವೂ ಕಾಮನ್‌ವೆಲ್ತ್‌ನಲ್ಲಿ ಉಳಿಯಲಿ ಅಂತ 1949ರಲ್ಲಿ ಲಂಡನ್ನಿನಲ್ಲಿ ಒಂದು ಉಪಾಯ ಕಂಡುಹಿಡಿದರು. ರಾಜ ನಿಮ್ಮ ರಾಜನಲ್ಲ, ಒಕ್ಕೂಟದ ಮುಖ್ಯಸ್ಥ ಅಷ್ಟೇ ಅಂತ. ಆಕೆ 70 ವರ್ಷ ಹೊತ್ತುಕೊಂಡ ಆ ಪದವಿ ಹುಟ್ಟಿದ್ದು ನಮ್ಮಿಂದಾಗಿಯೇ.

1961ರ ಫೆಬ್ರವರಿಯಲ್ಲಿ ಬೆಂಗಳೂರಿಗೂ ಬಂದಿದ್ದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರು ಜಯಚಾಮರಾಜ ಒಡೆಯರ್. ರಾಜ್ಯ ಬಿಟ್ಟುಕೊಟ್ಟು ಗಣರಾಜ್ಯದ ರಾಜ್ಯಪಾಲರಾದ ಮಹಾರಾಜರು, ಆಳದೇ ರಾಣಿಯಾಗಿದ್ದವರನ್ನು ಬರಮಾಡಿಕೊಂಡರು. ಇಬ್ಬರಿಗೂ ಪರಸ್ಪರರ ಕೆಲಸ ಚೆನ್ನಾಗಿ ಅರ್ಥವಾಗಿರಬೇಕು. ನಂದಿಬೆಟ್ಟಕ್ಕೂ ಹೋಗಿದ್ದರು. ಲಾಲ್‌ಬಾಗಿನಲ್ಲಿ ಆಕೆ ನೆಟ್ಟ ಅರಾಕೇರಿಯಾ ಸಸಿ ಈಗ ದೊಡ್ಡ ಮರ. ಫಲಪುಷ್ಪ ಪ್ರದರ್ಶನಕ್ಕೆ ಹೋಗುವವರು ಅದರ ಪಕ್ಕದಲ್ಲೇ ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಬೋರ್ಡು ಓದುವವರು ಕಮ್ಮಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಜಗಳ ಎಲ್ಲರಿಗೂ ಗೊತ್ತಿರುವುದೇ. 1992ರಲ್ಲಿ ವಿಂಡ್ಸರ್ ಕೋಟೆಗೆ ಬೆಂಕಿ ಬಿತ್ತು. ರಿಪೇರಿ ಖರ್ಚು ನಾವ್ಯಾಕೆ ಕೊಡಬೇಕು ಅಂತ ಜನ ಕೇಳಿದರು. ಮರುವರ್ಷ ಬಕಿಂಗ್‌ಹ್ಯಾಮ್ ಅರಮನೆಗೆ ಟಿಕೆಟ್ ಇಟ್ಟರು, ರಾಣಿ ತಾವಾಗಿಯೇ ಆದಾಯ ತೆರಿಗೆ ಕಟ್ಟಲು ಶುರು ಮಾಡಿದರು. ಆದರೆ ದೊರೆಯಿಂದ ದೊರೆಗೆ ಹೋಗುವ ಆಸ್ತಿಗೆ ಉತ್ತರಾಧಿಕಾರ ತೆರಿಗೆ ಇಲ್ಲ ಅನ್ನುವ ವಿನಾಯಿತಿಯೂ ಅದೇ ಒಪ್ಪಂದದಲ್ಲಿ ಸೇರಿತು. ಈಗ ಅರಮನೆಗೆ ಸರ್ಕಾರ ಕೊಡುವ ಅನುದಾನ ಕ್ರೌನ್ ಎಸ್ಟೇಟ್ ಎಂಬ ಆಸ್ತಿಯ ಲಾಭಕ್ಕೆ ತಳುಕು ಹಾಕಿಕೊಂಡಿದೆ. ಸಮುದ್ರದಲ್ಲಿ ಗಾಳಿಯಂತ್ರ ಹಾಕುವ ಗುತ್ತಿಗೆಯಿಂದ ಆ ಲಾಭ ಉಬ್ಬಿತು. 8.63 ಕೋಟಿ ಪೌಂಡ್ ಇದ್ದ ಅನುದಾನ 2025-26ರಲ್ಲಿ 13.21 ಕೋಟಿಗೆ ಏರಿತು. ಗಾಳಿ ಬಂದಾಗ ತೂರಿಕೋ ಅನ್ನುವುದು ಅರಮನೆಗೂ ಅನ್ವಯಿಸುತ್ತದೆ.

ನನಗೆ ಜಾಸ್ತಿ ಕಸಿವಿಸಿ ಮಾಡುವುದು ದುಡ್ಡಲ್ಲ, 'ಕ್ವೀನ್ಸ್ ಕನ್ಸೆಂಟ್' ಅನ್ನುವ ಪದ್ಧತಿ. ಮೇಲೆ ಹೇಳಿದ ಅಂಕಿತ ಬೇರೆ, ಇದು ಬೇರೆ. ಅಂಕಿತ ಮಸೂದೆ ಪಾಸಾದ ಮೇಲಿನದು, ಎಲ್ಲರ ಕಣ್ಣೆದುರಿನದು. ಕನ್ಸೆಂಟ್ ಎಂದರೆ ಪಾಸಾಗುವುದಕ್ಕೆ ಮುಂಚಿನದು. ರಾಣಿಯ ಅಧಿಕಾರ, ಆಸ್ತಿ, ಹಿತಾಸಕ್ತಿಗೆ ತಾಗುವ ಮಸೂದೆ ಇದ್ದರೆ ಅದನ್ನು ಮೊದಲೇ ಅರಮನೆಗೆ ಕಳಿಸಿ ಒಪ್ಪಿಗೆ ಪಡೆಯಬೇಕು. 2021ರಲ್ಲಿ ಗಾರ್ಡಿಯನ್ ಪತ್ರಿಕೆ ಹಳೆಯ ದಾಖಲೆಗಳನ್ನು ಕೆದಕಿತು. ಎಲಿಜಬೆತ್ ಕಾಲದಲ್ಲಿ ಹೀಗೆ ಅರಮನೆಗೆ ಹೋಗಿ ಬಂದ ಮಸೂದೆಗಳು ಸಾವಿರಕ್ಕೂ ಜಾಸ್ತಿ ಎಂದು ಬರೆಯಿತು. 1973ರಲ್ಲಿ ಕಂಪನಿಗಳ ಷೇರು ಯಾರ ಹೆಸರಲ್ಲಿವೆ ಎಂದು ಬಯಲು ಮಾಡುವ ಮಸೂದೆ ಬಂದಾಗ, ರಾಣಿಯ ವಕೀಲರು ಸಚಿವಾಲಯದ ಜೊತೆ ಮಾತಾಡಿ ಬದಲಾವಣೆಗೆ ಒತ್ತಡ ಹಾಕಿದ್ದನ್ನೂ ದಾಖಲೆ ಸಮೇತ ಪ್ರಕಟಿಸಿತು. ಅದು ಬರೀ ಔಪಚಾರಿಕ ಪದ್ಧತಿ ಅಂತ ಅರಮನೆ ಉತ್ತರ ಕೊಟ್ಟಿತು. ಅದೇ ವರ್ಷ ಇನ್ನೊಂದು ಕಾಗದವೂ ಹೊರಬಂತು. 1968ರಲ್ಲಿ ಅರಮನೆಯ ಅಧಿಕಾರಿಯೊಬ್ಬರು, ಬಿಳಿಯರಲ್ಲದ ವಲಸಿಗರನ್ನು ಗುಮಾಸ್ತೆ ಕೆಲಸಕ್ಕೆ ತೆಗೆದುಕೊಳ್ಳುವ ರೂಢಿ ಇಲ್ಲ ಎಂದು ಸರ್ಕಾರಕ್ಕೆ ತಿಳಿಸಿದ್ದರು. ಮನೆಗೆಲಸಕ್ಕೆ ಆಗಬಹುದಿತ್ತಂತೆ.

ರಾಜಕೀಯದ ವಿಷಯದಲ್ಲಿ ಹುಬ್ಬು ಏರಿಸದ ರಾಣಿ, ತನ್ನ ಆಸ್ತಿಯ ವಿಷಯ ಬಂದಾಗ ವಕೀಲರನ್ನು ಕಳಿಸಿದರು. ಎರಡೂ ಒಂದೇ ಪರದೆಯ ಹಿಂದೆ ನಡೆದವು. ಜನ ಮೊದಲನೆಯದನ್ನು ಮೆಚ್ಚಿ ಚಪ್ಪಾಳೆ ತಟ್ಟಿದರು. ಎರಡನೆಯದು ಅವರ ಕಣ್ಣಿಗೆ ಬೀಳಲಿಲ್ಲ.

ಮನೆಯೊಳಗೂ ಪರದೆ ಇತ್ತು. ಆ್ಯಂಡ್ರೂ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂದು ವರ್ಷಗಳೇ ಕಳೆದರೂ ತಾಯಿ ಬಹಿರಂಗವಾಗಿ ಒಂದು ಮಾತಾಡಲಿಲ್ಲ. 2022ರ ಜನವರಿಯಲ್ಲಿ ಸೇನೆಯ ಗೌರವ ಹುದ್ದೆಗಳನ್ನು ವಾಪಸ್ ಪಡೆದರು, ಅದೂ ಎರಡು ಸಾಲಿನ ಪ್ರಕಟಣೆಯಲ್ಲಿ. 'ಪ್ರಿನ್ಸ್' ಅನ್ನುವ ಪದವಿಯನ್ನೇ ಕಿತ್ತುಕೊಂಡದ್ದು 2025ರ ಅಕ್ಟೋಬರಿನಲ್ಲಿ, ಅಣ್ಣ ಚಾರ್ಲ್ಸ್. ಚಾರ್ಲ್ಸ್ ಕತೆ ತಾಯಿಗೆ ತದ್ವಿರುದ್ಧ. ಯುವರಾಜನಾಗಿದ್ದಾಗ ಮಂತ್ರಿಗಳಿಗೆ ಬರೆದ ಪತ್ರಗಳು ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ 2015ರಲ್ಲಿ ಬಯಲಾದವು. ಹೆಲಿಕಾಪ್ಟರಿನಿಂದ ಹಿಡಿದು ಹಾಲಿನ ಡೇರಿಯವರೆಗೆ ಎಲ್ಲದರ ಬಗ್ಗೆಯೂ ಅವರಿಗೊಂದು ಅಭಿಪ್ರಾಯ. ಅವರು ಏನು ಯೋಚಿಸುತ್ತಾರೆ ಅಂತ ದೇಶಕ್ಕೆ ಗೊತ್ತಿದೆ. ಆದ್ದರಿಂದ ಅವರು ಸುಮ್ಮನಿದ್ದರೂ ಅದು ತಾಯಿಯ ಮೌನದ ಥರ ಕೆಲಸ ಮಾಡುವುದಿಲ್ಲ. ತಾಯಿಯ ಮೌನದಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ಕೇಳಿಸಿಕೊಳ್ಳಬಹುದಿತ್ತು. ಯುರೋಪಿನ ಜೊತೆ ಇರಬೇಕು ಅನ್ನುವವರಿಗೂ ಆಕೆ ತಮ್ಮವರು, ಬೇಡ ಅನ್ನುವವರಿಗೂ ತಮ್ಮವರು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಚಿತ್ರ ಮನಸ್ಸಿನಿಂದ ಹೋಗುವುದಿಲ್ಲ. 2021ರ ಏಪ್ರಿಲ್ 17, ಫಿಲಿಪ್ ಅಂತ್ಯಕ್ರಿಯೆ. ಕೋವಿಡ್ ನಿಯಮದ ಪ್ರಕಾರ 30 ಜನ ಮಾತ್ರ. ವಿಂಡ್ಸರ್‌ನ ಪ್ರಾರ್ಥನಾ ಮಂದಿರದಲ್ಲಿ ಕಪ್ಪು ಮಾಸ್ಕ್ ಹಾಕಿಕೊಂಡು, ಪಕ್ಕದ ಕುರ್ಚಿಗಳೆಲ್ಲ ಖಾಲಿ ಇರುವಾಗ, 73 ವರ್ಷ ಬಾಳಿದ ಗಂಡನ ಶವಪೆಟ್ಟಿಗೆ ಎದುರು ಒಬ್ಬರೇ ಕೂತಿದ್ದರು. ಹಿಂದಿನ ರಾತ್ರಿ ಪ್ರಧಾನಿ ಕಚೇರಿಯ ಸಿಬ್ಬಂದಿ ಡೌನಿಂಗ್ ಸ್ಟ್ರೀಟಿನಲ್ಲಿ ಕುಡಿದು ಕುಣಿದಿದ್ದರು ಅನ್ನುವುದು ಆಮೇಲೆ ಹೊರಬಂತು. ಪ್ರಧಾನಿ ಕಚೇರಿ ಅರಮನೆಯ ಕ್ಷಮೆ ಕೇಳಿತು. ರಾಣಿ ಅದರ ಬಗ್ಗೆಯೂ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಫೋಟೋ ಸಾಕಿತ್ತು.

ಗಂಡನ ಉಯಿಲನ್ನು 90 ವರ್ಷ ಯಾರೂ ತೆರೆಯದ ಹಾಗೆ ಅದೇ ವರ್ಷ ಹೈಕೋರ್ಟ್ ಮುದ್ರೆ ಹಾಕಿತು.

ಆಕೆ ಪ್ರತಿ ರಾತ್ರಿ ಕೈಬರಹದಲ್ಲಿ ಡೈರಿ ಬರೆಯುತ್ತಿದ್ದರು. ಎಪ್ಪತ್ತು ವರ್ಷದ ಕೆಂಪು ಪೆಟ್ಟಿಗೆ, ವಾರದ ಭೇಟಿ, ಹದಿನೈದು ಪ್ರಧಾನಿಗಳು ಅದರಲ್ಲಿ ಎಷ್ಟು ಬಂದಿದ್ದಾರೋ. ಕೊನೆಯ ದಿನಗಳ ಬಗ್ಗೆ ಬರೆದ ಒಬ್ಬ ಜೀವನಚರಿತ್ರೆಕಾರರ ಪ್ರಕಾರ ಕೊನೆಯ ನಮೂದು 2022ರ ಸೆಪ್ಟೆಂಬರ್ 6ರದು, ಆ ಫೋಟೋ ತೆಗೆದ ದಿನದ್ದು. ಎಡ್ವರ್ಡ್ ಬಂದು ನನ್ನನ್ನು ನೋಡಿದರು ಅಂತ ಅದು ಶುರುವಾಗುತ್ತದಂತೆ. ಎಡ್ವರ್ಡ್ ಅಂದರೆ ಕಿರಿಯ ಮಗ ಅಂದುಕೊಳ್ಳಬೇಡಿ. ಖಾಸಗಿ ಕಾರ್ಯದರ್ಶಿ ಎಡ್ವರ್ಡ್ ಯಂಗ್. ಹೊಸ ಮಂತ್ರಿಗಳ ಪ್ರಮಾಣವಚನ ಹೇಗೆ ಮಾಡಿಸುವುದು ಅಂತ ಮಾತಾಡಲು ಬಂದಿದ್ದರು.